ಕೆರೆಯ ಆರು ದೋಷಗಳು ಮತ್ತು ಎಂಜಿನಿಯರಿಂಗ್ ಪದವಿಯ ಮೌಲ್ಯಮಾಪನ

೧

ಚರಿತ್ರೆಯ ಉಪಾಧ್ಯಾಯನೊಬ್ಬನು ಎಂಜಿನಿಯರಿಂಗ್ ಶಿಕ್ಷಣದ ವಿಷಯವಾಗಿ ಬರೆಯಹೊರಟರೆ ಅದು ಅಧಿಕಪ್ರಸಂಗವೆಂದು ವಾಚಕರಿಗೆ ತೋರಬಹುದು. ಸೇತುವೆ ಕಟ್ಟುವ ಬಗೆಯನ್ನಾಗಲಿ ಯಂತ್ರ ನಡೆಸುವ ಬಗೆಯನ್ನಾಗಲಿ ಕುರಿತು ಮಾತನಾಡುವ ಅಧಿಕಾರ ನನಗಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಆದರೆ ಈಚಿನ ವರ್ಷಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪಾಠಪ್ರವಚನಗಳಿಗೆ ಸಮನಾಗಿ ಬೆಳೆದು ನಿಂತಿರುವುದು ದಾಖಲೆಗಳ ರಾಶಿ. ಪ್ರತಿಯೊಂದು ವಿಭಾಗವೂ ತಾನು ಏನನ್ನು ಕಲಿಸಹೊರಟಿತು, ವಿದ್ಯಾರ್ಥಿಗಳು ಎಷ್ಟನ್ನು ಕಲಿತರು, ಕಲಿಯದೆ ಉಳಿದುದಕ್ಕೆ ತಾನು ಯಾವ ಕ್ರಮ ಕೈಗೊಂಡಿತು ಎಂಬುದನ್ನು ಅಂಕಿಗಳಲ್ಲಿ ಬರೆದಿಡಬೇಕಾಗಿದೆ. ಇದಕ್ಕೆ 'ನಿರಂತರ ಸುಧಾರಣೆ' ಎಂದು ಹೆಸರು. ದಾಖಲೆಯನ್ನು ಬರೆದವರು ಯಾರು, ಯಾರ ಕಣ್ಣಿಗಾಗಿ ಬರೆದರು, ಯಾವುದನ್ನು ಹೇಳದೆ ಬಿಟ್ಟರು ಎಂದು ವಿಚಾರಿಸುವುದು ಚರಿತ್ರೆಕಾರನ ಕಸುಬು. ಆ ಮಟ್ಟಿಗೆ ಈ ವಿಷಯದಲ್ಲಿ ನನಗೂ ಒಂದು ಮಾತು ಸಲ್ಲುತ್ತದೆಂದು ಭಾವಿಸಿದ್ದೇನೆ.

ಇನ್ನೊಂದು ಕಾರಣವೂ ಉಂಟು. ನಾನು ವಾಸವಾಗಿರುವ ಮೈಸೂರಿನ ಚಾಮರಾಜಪುರಂನಲ್ಲಿ ಬಾಡಿಗೆಗೆ ಕೋಣೆ ಹಿಡಿದು ಓದುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅನೇಕರಿದ್ದಾರೆ. ನಮ್ಮ ವಠಾರದ ಮಹಡಿಯ ಕೋಣೆಯಲ್ಲಿದ್ದ ಹುಡುಗನೊಬ್ಬ ಒಂದು ಸಂಜೆ ತನ್ನ ಅಂಕಪಟ್ಟಿಯನ್ನು ತಂದು ತೋರಿಸಿದ. ಒಂದು ವಿಷಯದಲ್ಲಿ ಕಾಲೇಜಿನ ಆಂತರಿಕ ಮೌಲ್ಯಮಾಪನದ ೫೦ಕ್ಕೆ ೪೪. ವಿಶ್ವವಿದ್ಯಾನಿಲಯದ ಪರೀಕ್ಷೆಯ ೫೦ಕ್ಕೆ ೧೮. ಎರಡೂ ಸೇರಿ ೬೨, ತೇರ್ಗಡೆ. "ಇಷ್ಟೊಂದು ಅಂತರ ಹೇಗಪ್ಪ?" ಎಂದು ಕೇಳಿದೆ. "ಇಂಟರ್ನಲ್ಸ್‌ನಲ್ಲಿ ಬರುವ ಪ್ರಶ್ನೆ ಮೊದಲೇ ಗೊತ್ತಿರುತ್ತೆ ಸಾರ್. ತೊಲೆಯ ಲೆಕ್ಕ ನನಗೆ ಈಗಲೂ ಬರೋದಿಲ್ಲ" ಎಂದ. ಅವನ ಮಾತಿನಲ್ಲಿ ದೂರು ಇರಲಿಲ್ಲ. ಇದ್ದುದನ್ನು ಇದ್ದ ಹಾಗೆ ಹೇಳಿದ್ದ. ಆ ೬೨ ಮುಂದೆ ಅವನ ವಿಭಾಗದ ವರದಿಯನ್ನು ಸೇರುತ್ತದೆ; ಇತರರ ಅಂಕಗಳೊಡನೆ ಬೆರೆತು ದಶಾಂಶಗಳುಳ್ಳ ಒಂದು ಸಂಖ್ಯೆಯಾಗುತ್ತದೆ. ಅವನಿಗೆ ಬಾರದೆ ಉಳಿದ ತೊಲೆಯ ಲೆಕ್ಕ ಮಾತ್ರ ಆ ಸಂಖ್ಯೆಯಲ್ಲಿ ಎಲ್ಲಿಯೂ ಕಾಣಸಿಗುವುದಿಲ್ಲ. ಸುಧಾರಣೆಗಾಗಿಯೇ ಹುಟ್ಟಿದ ದಾಖಲೆಯಿಂದ ಸುಧಾರಿಸಬೇಕಾದ ಸಂಗತಿಯೇ ಜಾರಿಹೋಗುವುದು ಹೇಗೆ ಎಂಬುದೇ ಈ ಲೇಖನದ ವಿಚಾರ.

೨

ಮೈಸೂರು ಸೀಮೆಗೆ ಎಂಜಿನಿಯರಿಂಗ್ ಶಿಕ್ಷಣ ಹೊಸದಲ್ಲ. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಮರುವರ್ಷವೇ, ೧೯೧೭ರಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಹುಟ್ಟಿತು. ನಮ್ಮ ಬಡಾವಣೆಗೆ ಹೆಚ್ಚು ದೂರವಿಲ್ಲದ ಮಾನಂದವಾಡಿ ರಸ್ತೆಯ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್ ೧೯೪೬ರಲ್ಲಿ ಆರಂಭವಾಯಿತು. ೧೯೬೩ರಲ್ಲಿ ಶ್ರೀ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜು ಬಂದಿತು. ೧೯೯೮ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ ತಲೆಯೆತ್ತುವವರೆಗೆ ಇಲ್ಲಿನ ಎಂಜಿನಿಯರಿಂಗ್ ಪದವಿಗಳನ್ನು ಮೈಸೂರು ವಿಶ್ವವಿದ್ಯಾನಿಲಯವೇ ಕೊಡುತ್ತಿತ್ತು.

ಪರೀಕ್ಷೆಯ ಬಗೆಗಿನ ಅತೃಪ್ತಿಯೂ ಹೊಸದಲ್ಲ. ೧೯೧೮ರಿಂದ ೧೯೨೧ರವರೆಗೆ ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸರ್ವಪಲ್ಲಿ ರಾಧಾಕೃಷ್ಣನ್ನರು ೧೯೪೮–೪೯ರ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗಕ್ಕೆ ಅಧ್ಯಕ್ಷರಾದರು. ಉನ್ನತ ಶಿಕ್ಷಣದಲ್ಲಿ ಒಂದೇ ಒಂದು ಸುಧಾರಣೆಯನ್ನು ಸೂಚಿಸಬೇಕಾಗಿ ಬಂದರೆ ಅದು ಪರೀಕ್ಷೆಯ ಸುಧಾರಣೆಯಾಗಿರಬೇಕು ಎಂಬುದು ಆ ಆಯೋಗದ ಅಭಿಪ್ರಾಯವಾಗಿತ್ತು. ೧೯೬೪–೬೬ರ ಕೊಠಾರಿ ಆಯೋಗವೂ, ವರ್ಷಾಂತ್ಯದ ಒಂದೇ ಪರೀಕ್ಷೆಯ ಮೇಲೆ ಎಲ್ಲ ಭಾರವನ್ನೂ ಹೊರಿಸದೆ ಆಂತರಿಕ ಮೌಲ್ಯಮಾಪನಕ್ಕೂ ಸ್ಥಾನ ಕೊಡಬೇಕೆಂದು ಸಲಹೆಮಾಡಿತು. ಆದಕಾರಣ ಇಂದಿನ ಪದ್ಧತಿಯನ್ನು ಹೊರಗಿನಿಂದ ಬಂದು ನಮ್ಮ ಮೇಲೆ ಬಿದ್ದ ಹೊರೆಯೆಂದು ಮಾತ್ರ ಕಾಣುವುದು ನ್ಯಾಯವಲ್ಲ. ಅದು ನಾವೇ ಬಹುಕಾಲದಿಂದ ಕೇಳುತ್ತ ಬಂದ ಪ್ರಶ್ನೆಗೆ ದೊರೆತ ಒಂದು ಉತ್ತರ.

ಆ ಉತ್ತರದ ರೂಪ ಮಾತ್ರ ಹೊರಗಿನದು. ಅಮೆರಿಕದಲ್ಲಿ ಎಂಜಿನಿಯರಿಂಗ್ ಪದವಿಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ೧೯೩೨ರಷ್ಟು ಹಿಂದೆಯೇ ಹುಟ್ಟಿತು. ಕಾಲೇಜಿನಲ್ಲಿ ಏನೇನಿದೆ, ಏನೇನನ್ನು ಬೋಧಿಸುತ್ತಾರೆ ಎಂಬುದಕ್ಕೆ ಕೊಟ್ಟಿದ್ದ ಪ್ರಾಧಾನ್ಯವನ್ನು ವಿದ್ಯಾರ್ಥಿ ಏನನ್ನು ಮಾಡಬಲ್ಲನೆಂಬುದರ ಕಡೆಗೆ ತಿರುಗಿಸಿದ ನಿಯಮಾವಳಿಯನ್ನು ಆ ಸಂಸ್ಥೆ ೧೯೯೭ರಲ್ಲಿ ಅಂಗೀಕರಿಸಿತು. ಅಷ್ಟರೊಳಗೆ, ೧೯೮೯ರಲ್ಲಿ, ಅಮೆರಿಕ, ಬ್ರಿಟನ್, ಕೆನಡ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಈ ಆರು ದೇಶಗಳು ಪರಸ್ಪರರ ಪದವಿಗಳನ್ನು ಸಮಾನವೆಂದು ಒಪ್ಪುವ ವಾಷಿಂಗ್‌ಟನ್ ಒಡಂಬಡಿಕೆಯನ್ನು ಮಾಡಿಕೊಂಡಿದ್ದುವು. ನಮ್ಮ ದೇಶದಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ೧೯೯೪ರಲ್ಲಿ ರಾಷ್ಟ್ರೀಯ ಮಾನ್ಯತಾ ಮಂಡಳಿಯನ್ನು ರಚಿಸಿತು. ೨೦೧೦ರಲ್ಲಿ ಅದು ಸ್ವತಂತ್ರ ಸಂಸ್ಥೆಯಾಯಿತು. ೨೦೧೪ರ ಜೂನ್ ತಿಂಗಳಲ್ಲಿ ಭಾರತ ಆ ಒಡಂಬಡಿಕೆಯ ಪೂರ್ಣ ಸದಸ್ಯತ್ವವನ್ನು ಪಡೆಯಿತು. ಅಂದಿನಿಂದ ನಮ್ಮ ಕಾಲೇಜುಗಳ ವಿಭಾಗಗಳು 'ಸ್ವಮೌಲ್ಯಮಾಪನ ವರದಿ' ಬರೆಯುವ ರೀತಿಯೇ ಬೇರೆಯಾಯಿತು.

ಈ ಬದಲಾವಣೆಯಲ್ಲಿ ಮೆಚ್ಚತಕ್ಕದ್ದು ಇದೆ. ಹಿಂದೆ ತನಿಖೆಗೆ ಬಂದವರು ಕಟ್ಟಡದ ಚದರ ಅಡಿಗಳನ್ನೂ ಗ್ರಂಥಾಲಯದ ಪುಸ್ತಕಗಳನ್ನೂ ಎಣಿಸಿ ಹೋಗುತ್ತಿದ್ದರೆ, ಈಗ "ನಿಮ್ಮ ವಿದ್ಯಾರ್ಥಿಗೆ ಏನು ಬರುತ್ತದೆ? ಅದು ನಿಮಗೆ ಹೇಗೆ ಗೊತ್ತು?" ಎಂದು ಕೇಳುತ್ತಾರೆ. ಉಪಾಧ್ಯಾಯನಿಗೆ ಇದಕ್ಕಿಂತ ಉಚಿತವಾದ ಪ್ರಶ್ನೆ ಇನ್ನೊಂದಿಲ್ಲ. ನನ್ನ ಆಕ್ಷೇಪಣೆಯಿರುವುದು ಆ ಪ್ರಶ್ನೆಗೆ ನಾವು ಉತ್ತರ ಬರೆಯುತ್ತಿರುವ ರೀತಿಯ ವಿಷಯದಲ್ಲಿ.

೩

ಮಾನ್ಯತಾ ಮಂಡಳಿ ೨೦೧೫ರಲ್ಲಿ ಹೊರಡಿಸಿದ ವರದಿಯ ನಮೂನೆಯನ್ನು ಒಂದು ಆಕರಗ್ರಂಥದಂತೆ ಓದೋಣ. ಸುಮಾರು ಒಂದು ದಶಕದ ಕಾಲ ನಮ್ಮ ನಾಡಿನ ಎಂಜಿನಿಯರಿಂಗ್ ವಿಭಾಗಗಳು ತಮ್ಮ ಆತ್ಮಕಥೆಗಳನ್ನು ಬರೆದದ್ದು ಈ ಅಚ್ಚಿನಲ್ಲಿಯೇ. ಪದವಿ ಪಡೆದವನಲ್ಲಿ ಇರಬೇಕಾದ ಹನ್ನೆರಡು ಗುಣಗಳನ್ನು, ಅಂದರೆ 'ಫಲಿತ'ಗಳನ್ನು, ಅದು ಹೆಸರಿಸುತ್ತದೆ: ಎಂಜಿನಿಯರಿಂಗ್ ಜ್ಞಾನ, ಸಮಸ್ಯೆಯ ವಿಶ್ಲೇಷಣೆ, ಪರಿಹಾರದ ವಿನ್ಯಾಸ, ಜಟಿಲ ಸಮಸ್ಯೆಗಳ ಶೋಧನೆ, ಆಧುನಿಕ ಉಪಕರಣಗಳ ಬಳಕೆ, ಸಮಾಜದ ಹೊಣೆ, ಪರಿಸರದ ಅರಿವು, ನೀತಿ, ಒಡಗೂಡಿ ದುಡಿಯುವ ಶಕ್ತಿ, ಸಂವಹನ, ಯೋಜನೆ ಮತ್ತು ಹಣಕಾಸಿನ ನಿರ್ವಹಣೆ, ಜೀವನಪರ್ಯಂತ ಕಲಿಕೆ. ೨೦೨೫ರ ಪರಿಷ್ಕರಣದಲ್ಲಿ ಇವು ಹನ್ನೊಂದಾದುವು. ವರದಿಗೆ ಒಟ್ಟು ೧,೦೦೦ ಅಂಕಗಳು. ವಿಶ್ವವಿದ್ಯಾನಿಲಯಕ್ಕೆ ಸೇರಿದ, ಸ್ವಾಯತ್ತತೆಯಿಲ್ಲದ ಕಾಲೇಜುಗಳ ನಮೂನೆಯಲ್ಲಿ ಉಪಾಧ್ಯಾಯವರ್ಗದ ವಿವರಕ್ಕೆ ೨೦೦. ಆಡಳಿತ ಮತ್ತು ಹಣಕಾಸಿಗೆ ೧೨೦. 'ನಿರಂತರ ಸುಧಾರಣೆ'ಗೆ ೫೦. ಈ ೫೦ರಲ್ಲಿಯೂ ಕಂಡುಬಂದ ಕೊರತೆಗಳು ಮತ್ತು ಅವುಗಳ ಮೇಲೆ ಕೈಗೊಂಡ ಕ್ರಮಕ್ಕೆ ಮೀಸಲಾದದ್ದು ೨೦. ಉಳಿದವು ಆಂತರಿಕ ತಪಾಸಣೆ, ಉದ್ಯೋಗ ದೊರೆತವರ ಸಂಖ್ಯೆಯ ಹೆಚ್ಚಳ, ಸೇರುವ ವಿದ್ಯಾರ್ಥಿಗಳ ಗುಣಮಟ್ಟದ ಹೆಚ್ಚಳ ಇವುಗಳಿಗೆ ಹಂಚಿಹೋಗುತ್ತವೆ. ಹೆಚ್ಚು ಅಂಕ ಪಡೆದ ಹುಡುಗರು ಬಂದು ಸೇರಿದರೆ ಅದು ಆ ವಿಭಾಗದ ಸುಧಾರಣೆ ಹೇಗಾದೀತು? ಬೇಸಾಯಗಾರನು ಮಳೆಯನ್ನು ತನ್ನ ದುಡಿಮೆಯ ಲೆಕ್ಕಕ್ಕೆ ಹಿಡಿದಂತಾಯಿತು.

ಈಗ ಅಂಕಿಗಳು ಹುಟ್ಟುವ ಬಗೆ. ಪ್ರತಿ ಪಾಠ್ಯವಿಷಯಕ್ಕೂ ಐದಾರು ಉದ್ದೇಶಗಳನ್ನು ಬರೆಯಬೇಕು. ಅವನ್ನು ಆ ಹನ್ನೆರಡು ಫಲಿತಗಳೊಡನೆ ೧, ೨, ೩ ಎಂಬ ಅಂಕಿಗಳಿಂದ ಹೊಂದಿಸಬೇಕು. ಬಳಿಕ ತರಗತಿಯ ಸಾಧನೆಯನ್ನೂ ಅವೇ ಮೂರು ಮಟ್ಟಗಳಲ್ಲಿ ಹೇಳಬೇಕು. ನಮೂನೆ ಕೊಡುವ ಉದಾಹರಣೆಯಲ್ಲಿ, ವಿಶ್ವವಿದ್ಯಾನಿಲಯದ ಸರಾಸರಿಗಿಂತ ಹೆಚ್ಚು ಅಂಕ ಪಡೆದವರು ನೂರಕ್ಕೆ ೬೦ ಮಂದಿಯಾದರೆ ಮಟ್ಟ ೧. ೭೦ ಆದರೆ ೨. ೮೦ ಆದರೆ ೩. ವಿಶ್ವವಿದ್ಯಾನಿಲಯದ ಪರೀಕ್ಷೆಗೆ ನೂರಕ್ಕೆ ೮೦ರ ತೂಕ, ಆಂತರಿಕ ಪರೀಕ್ಷೆಗೆ ೨೦ರ ತೂಕ ಎಂದಿಟ್ಟುಕೊಂಡು, ಮೊದಲನೆಯದರಲ್ಲಿ ೩, ಎರಡನೆಯದರಲ್ಲಿ ೨ ಬಂದರೆ ಸಾಧನೆ ೨.೮ ಎಂದು ಲೆಕ್ಕ. ಮಟ್ಟಗಳನ್ನು ಆಯಾ ವಿಭಾಗವೇ ಗೊತ್ತುಮಾಡಿಕೊಳ್ಳಬಹುದು.

ಒಂದು ಕಲ್ಪಿತ ತರಗತಿಯನ್ನು ತೆಗೆದುಕೊಳ್ಳೋಣ. ೬೦ ವಿದ್ಯಾರ್ಥಿಗಳು. ಮೊದಲ ವರ್ಷ ೪೨ ಮಂದಿ ಗೊತ್ತಾದ ಗೆರೆಯನ್ನು ದಾಟಿದರು, ನೂರಕ್ಕೆ ೭೦, ಮಟ್ಟ ೨. ಉಪಾಧ್ಯಾಯರು ಶ್ರಮಪಟ್ಟು ಸಂಜೆಯ ತರಗತಿಗಳನ್ನು ನಡೆಸಿದರು. ಮರುವರ್ಷ ೪೭ ಮಂದಿ ದಾಟಿದರು. ನೂರಕ್ಕೆ ೭೮ಕ್ಕಿಂತ ತುಸು ಹೆಚ್ಚು. ಮಟ್ಟ ಮತ್ತೆ ೨. ಐವರು ಹೆಚ್ಚಾಗಿ ಕಲಿತದ್ದನ್ನು ದಾಖಲೆ ಕಾಣಲಿಲ್ಲ. ಮೂರನೆಯ ವರ್ಷ ಇನ್ನೊಬ್ಬ ಮಾತ್ರ ಹೆಚ್ಚಾಗಿ ದಾಟಿ ೪೮ ಆಯಿತು, ನೂರಕ್ಕೆ ೮೦, ಮಟ್ಟ ೩, ಎಂದರೆ ಪರಿಪೂರ್ಣ. ಐವರ ಶ್ರಮಕ್ಕೆ ಕದಲದ ಅಂಕಿ ಒಬ್ಬನಿಗಾಗಿ ಮೇಲಕ್ಕೆ ನೆಗೆಯಿತು. ಪರಿಪೂರ್ಣವೆಂದು ಬರೆದ ಆ ವರ್ಷದಲ್ಲಿಯೂ ಗೆರೆಯ ಈಚೆಗೆ ೧೨ ಮಂದಿ ಉಳಿದಿದ್ದಾರೆ. ಅವರು ಯಾರು, ಅವರಿಗೆ ಬಾರದೆ ಹೋದದ್ದು ಏನು ಎಂದು ಕೇಳುವ ಅಗತ್ಯವನ್ನು ೩ ಎಂಬ ಅಂಕಿ ಅಳಿಸಿಹಾಕುತ್ತದೆ. ಹಾಗೆಯೇ, ಅಳತೆಗೋಲು ವಿಶ್ವವಿದ್ಯಾನಿಲಯದ ಸರಾಸರಿಯಾದಾಗ ಇನ್ನೊಂದು ವಿಚಿತ್ರ ಸಂಭವಿಸುತ್ತದೆ. ಎಲ್ಲ ಕಾಲೇಜುಗಳೂ ಒಟ್ಟಿಗೆ ಕೆಳಗಿಳಿದರೆ ಸರಾಸರಿಯೂ ಅವುಗಳೊಡನೆ ಇಳಿಯುತ್ತದೆ. ಎಲ್ಲರೂ ಕೂಡಿ ಹಿಂದುಳಿದಾಗ ಯಾರೂ ಹಿಂದುಳಿದಂತೆ ಕಾಣುವುದಿಲ್ಲ.

೧, ೨, ೩ ಎಂಬವು ಇಲ್ಲಿ ಅಳತೆಗಳಲ್ಲ, ಅಲ್ಪ, ಮಧ್ಯಮ, ಅಧಿಕ ಎಂಬ ಮಾತುಗಳಿಗೆ ಇಟ್ಟ ಗುರುತುಗಳು. ಗುರುತುಗಳನ್ನು ಗುಣಿಸಿ ಭಾಗಿಸಿ ೨.೧೭ ಎಂದು ಬರೆದಾಗ ಆ ದಶಾಂಶದ ಬೆಡಗಿಗೆ ಓದುವವರು ಮರುಳಾಗುತ್ತಾರೆ. ನಾನೂ ಇದರಲ್ಲಿ ಭಾಗಿ. ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಭಾರತದ ಸಂವಿಧಾನವನ್ನು ಬೋಧಿಸಲು ಅತಿಥಿಯಾಗಿ ಹೋಗಿದ್ದಾಗ ನನ್ನ ಕೈಗೂ ಹನ್ನೆರಡು ಅಂಕಣಗಳ ಹಾಳೆ ಬಂದಿತು. ನೀತಿಯ ಅಂಕಣದಲ್ಲಿ ೩, ಸಮಾಜದ ಹೊಣೆಯ ಅಂಕಣದಲ್ಲಿ ೩ ಎಂದು ಬರೆದು ಉಳಿದವನ್ನು ಖಾಲಿ ಬಿಟ್ಟೆ. ಖಾಲಿ ಇದ್ದರೆ ಚೆನ್ನಾಗಿ ಕಾಣುವುದಿಲ್ಲವೆಂದು ಅಲ್ಲಿನವರು ಸೌಜನ್ಯದಿಂದಲೇ ಸೂಚಿಸಿದರು. ಮೂಲಭೂತ ಹಕ್ಕುಗಳ ಪಾಠ 'ಆಧುನಿಕ ಉಪಕರಣಗಳ ಬಳಕೆ'ಗೆ ಎಷ್ಟು ನೆರವಾಗುತ್ತದೆಂದು ಒಂದು ಕ್ಷಣ ಆಲೋಚಿಸಿ, ೧ ಎಂದು ಬರೆದುಕೊಟ್ಟೆ. ಆ ಒಂದು ಇಂದಿಗೂ ಯಾವುದೋ ಸರಾಸರಿಯೊಳಗೆ ಸೇರಿಕೊಂಡಿದೆ.

೪

ಚರಿತ್ರೆಕಾರರು ಶಾಸನಗಳನ್ನು ಓದುವಾಗ ಅವುಗಳ ಭಾಗಗಳನ್ನು ಬೇರೆಬೇರೆಯಾಗಿ ತೂಗುತ್ತಾರೆ. ದಾನಶಾಸನದ ಮೊದಲಲ್ಲಿ ರಾಜನ ಪ್ರಶಸ್ತಿ ಬರುತ್ತದೆ. ಅದರಂತೆ ಅವನು ಗೆಲ್ಲದ ಶತ್ರುವಿಲ್ಲ, ಮಾಡದ ದಾನವಿಲ್ಲ. ಈ ಭಾಗವನ್ನು ನಾವು ಎಚ್ಚರಿಕೆಯಿಂದ ಓದುತ್ತೇವೆ. ಬಳಿಕ ಕೊಟ್ಟ ಭೂಮಿಯ ಎಲ್ಲೆಗಳು ಬರುತ್ತವೆ: ಮೂಡಲಿಗೆ ಹಳ್ಳ, ತೆಂಕಲಿಗೆ ಹುಣಿಸೆಮರ, ಪಡುವಲಿಗೆ ನೆಟ್ಟ ಕಲ್ಲು. ಈ ಭಾಗವನ್ನು ಬಹುಮಟ್ಟಿಗೆ ನಂಬುತ್ತೇವೆ. ಕಾರಣ ಸ್ಪಷ್ಟ. ಪ್ರಶಸ್ತಿ ಸುಳ್ಳಾದರೆ ಯಾರಿಗೂ ನಷ್ಟವಿಲ್ಲ. ಎಲ್ಲೆ ಸುಳ್ಳಾದರೆ ಪಕ್ಕದ ಹೊಲದವನು ಬಂದು ಜಗಳ ತೆಗೆಯುತ್ತಾನೆ. ದಾಖಲೆಯೊಂದು ಸತ್ಯವನ್ನು ಹೇಳುವುದು, ಸುಳ್ಳನ್ನು ಪ್ರಶ್ನಿಸಬಲ್ಲವನು ಸಮೀಪದಲ್ಲಿದ್ದಾಗ. ಸ್ವಮೌಲ್ಯಮಾಪನ ವರದಿಗೆ ಇಂಥ ಪಕ್ಕದ ಹೊಲದವನಿಲ್ಲ. ಅದನ್ನು ಬರೆಯುವವರು ಉಪಾಧ್ಯಾಯರು. ಓದುವವರು ಎರಡು ಮೂರು ದಿನಗಳಿಗಾಗಿ ಬರುವ ಪರಿಶೀಲಕರು. ತೊಲೆಯ ಲೆಕ್ಕ ಬಾರದ ಹುಡುಗನ ಮುಂದೆ ಆ ಪುಟವನ್ನು ಇಟ್ಟು "ಇದು ನಿಜವೆ?" ಎಂದು ಕೇಳುವ ಏರ್ಪಾಡು ಎಲ್ಲಿಯೂ ಇಲ್ಲ. ಆದಕಾರಣ ವರದಿಯಲ್ಲಿ ಪ್ರಶಸ್ತಿಯ ಭಾಗ ಬೆಳೆದು ಎಲ್ಲೆಗಳ ಭಾಗ ಸೊರಗುತ್ತದೆ.

ಆದರೆ ನಮ್ಮ ಹಿಂದಿನವರು ಪ್ರಶಸ್ತಿಯನ್ನಷ್ಟೇ ಬರೆದಿಟ್ಟು ಹೋಗಲಿಲ್ಲ. ಇಂದಿನ ಆಂಧ್ರದ ಕಡಪ ಸೀಮೆಗೆ ಸೇರಿದ ಪೋರುಮಾಮಿಳ್ಳದ ದೊಡ್ಡ ಕೆರೆಯನ್ನು ವಿಜಯನಗರದ ಒಂದನೆಯ ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದನು. ೧೩೬೯ರ ಅದರ ಸಂಸ್ಕೃತ ಶಾಸನ ಎಂಜಿನಿಯರಿಂಗಿನ ಚರಿತ್ರೆಯಲ್ಲಿ ಆಸಕ್ತಿಯುಳ್ಳವರೆಲ್ಲ ಓದತಕ್ಕದ್ದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನು ಅದು ಎಣಿಸುತ್ತದೆ: ಧರ್ಮಿಷ್ಠನೂ ಧನವಂತನೂ ಆದ ದೊರೆ, ಜಲಶಾಸ್ತ್ರವನ್ನು ಬಲ್ಲವನು, ಗಟ್ಟಿಯಾದ ಜೇಡಿಮಣ್ಣಿನ ನೆಲ, ಸಿಹಿನೀರಿನ ಹೊಳೆ, ಒತ್ತೊತ್ತಾಗಿ ಕಲ್ಲು ಕಟ್ಟಿದ ಅತಿ ಉದ್ದವಲ್ಲದ ಏರಿ, ವಿಸ್ತಾರವೂ ಆಳವೂ ಆದ ಅಂಗಳ, ಹತ್ತಿರದಲ್ಲಿ ಕಲ್ಲಿನ ಗಣಿ, ಕುಶಲರಾದ ಕೆಲಸಗಾರರ ತಂಡ ಮೊದಲಾದವು. ಸಂಖ್ಯೆ ಹನ್ನೆರಡೇ ಆದದ್ದು ಆಕಸ್ಮಿಕ; ಆ ಆಕಸ್ಮಿಕಕ್ಕೆ ನಾನು ಅರ್ಥವನ್ನು ಹಚ್ಚುವುದಿಲ್ಲ. ನಾನು ಗಮನ ಸೆಳೆಯಬೇಕೆಂದಿರುವುದು ಅದೇ ಶಾಸನದ ಇನ್ನೊಂದು ಪಟ್ಟಿಯ ಕಡೆಗೆ. ಹನ್ನೆರಡು ಅಂಗಗಳೊಂದಿಗೆ ಅದು ಕೆರೆಯ ಆರು ದೋಷಗಳನ್ನೂ ಹೆಸರಿಸುತ್ತದೆ: ಏರಿಯಿಂದ ನೀರು ಜಿನುಗುವುದು, ಸವಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಅಂಗಳದ ನಡುವೆ ದಿಣ್ಣೆ, ನೀರು ಕಡಮೆಯಾಗಿ ಭೂಮಿ ಹೆಚ್ಚಾಗಿರುವುದು, ಭೂಮಿ ಕಡಮೆಯಾಗಿ ನೀರು ಹೆಚ್ಚಾಗಿರುವುದು.

ಈ ಆರರಲ್ಲಿ ಅನುಭವದ ತಿರುಳಿದೆ. ಏರಿ ಜಿನುಗಿದ್ದನ್ನು ಕಣ್ಣಾರೆ ಕಂಡವರು, ಗಡಿಯ ಕೆರೆಯ ನೀರಿಗಾಗಿ ನಡೆದ ಜಗಳವನ್ನು ಅನುಭವಿಸಿದವರು ಮಾತ್ರ ಇಂಥ ಪಟ್ಟಿಯನ್ನು ಮಾಡಬಲ್ಲರು. ಗುಣಗಳ ಪಟ್ಟಿಯನ್ನು ಶಾಸ್ತ್ರವನ್ನು ನೋಡಿ ಬರೆಯಬಹುದು. ದೋಷಗಳ ಪಟ್ಟಿಯನ್ನು ಕೆಟ್ಟ ಕೆರೆಗಳನ್ನು ನೋಡಿಯೇ ಬರೆಯಬೇಕು. ಅದೂ ಹೊಸ ಕೆರೆಯನ್ನು ಲೋಕಕ್ಕೆ ಸಾರುವ ಕಲ್ಲಿನ ಮೇಲೆಯೇ ಅದನ್ನು ಕೆತ್ತಿಸಿದ್ದಾರೆ. ಮುಂದೆ ಕಟ್ಟುವವನಿಗೆ ಬೇಕಾದದ್ದು ಈ ಪಟ್ಟಿ. ನಮ್ಮ ವರದಿಗಳಲ್ಲಿ ಗುಣಗಳ ಪಟ್ಟಿ ವಿಸ್ತಾರವಾಗಿದೆ. ದೋಷಗಳಿಗೆ 'ಅವಲೋಕನ' ಎಂಬ ಕಿರಿಯ ಅಂಕಣವೊಂದುಂಟು. ಅದರಲ್ಲಿ ಸಾಮಾನ್ಯವಾಗಿ ಬರೆಯುವುದು 'ಗುರಿಯನ್ನು ತಲುಪಲಾಗಿದೆ' ಎಂದು. ತಲುಪದಿದ್ದರೆ 'ಇನ್ನೂ ಹೆಚ್ಚಿನ ಅಭ್ಯಾಸವನ್ನು ಕೊಡಲಾಗುವುದು' ಎಂದು. ಯಾವ ಏರಿ, ಎಲ್ಲಿ ಜಿನುಗಿತು ಎಂಬುದು ತಿಳಿಯುವುದಿಲ್ಲ.

ಕನ್ನಡ ಶಾಸನಗಳು ಕಲಿಸುವ ಇನ್ನೊಂದು ಪಾಠವಿದೆ. ಕೆರೆ ಕಟ್ಟಿಸಿದವರು ಅದರ ದುರಸ್ತಿಗಾಗಿ ಭೂಮಿಯನ್ನು ಬಿಡುತ್ತಿದ್ದರು; ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರುಗಳು ನಮ್ಮ ಶಾಸನಸಂಪುಟಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಹೂಳೆತ್ತುವ ಕೆಲಸ ಪ್ರತಿವರ್ಷದ್ದು, ಅದಕ್ಕೆ ಪ್ರತಿವರ್ಷದ ಆದಾಯ ಬೇಕು ಎಂಬ ವಿವೇಕ ಅದರ ಹಿಂದಿದೆ. ಇಂದು ಸುಧಾರಣೆಯನ್ನು 'ನಿರಂತರ'ವೆಂದು ಕರೆಯುತ್ತೇವೆ. ಅದಕ್ಕಾಗಿ ಉಪಾಧ್ಯಾಯನ ವೇಳಾಪಟ್ಟಿಯಲ್ಲಿ ಬಿಟ್ಟ ಗಂಟೆ ಎಷ್ಟು? ಪಾಠ, ಪ್ರಯೋಗಾಲಯ, ಪರೀಕ್ಷಾಕಾರ್ಯ ಎಲ್ಲ ಮುಗಿದ ಮೇಲೆ ರಾತ್ರಿ ಕುಳಿತು ಅಂಕಣಗಳನ್ನು ತುಂಬುವವನಿಂದ ಆತ್ಮಪರೀಕ್ಷೆಯನ್ನು ನಿರೀಕ್ಷಿಸುವುದು ಬಿತ್ತುವಟ್ಟವಿಲ್ಲದೆ ಹೂಳೆತ್ತಿಸುವ ಹಾಗೆ.

೫

'ನಿರಂತರ ಸುಧಾರಣೆ' ಎಂಬ ಮಾತು ಮೂಲತಃ ಕಾರ್ಖಾನೆಯದು. ೧೯೨೪ರಲ್ಲಿ ಅಮೆರಿಕದ ಷ್ಯೂಹಾರ್ಟ್ ಎಂಬ ವಿಜ್ಞಾನಿ, ತಯಾರಾಗುವ ವಸ್ತುಗಳ ಏರುಪೇರುಗಳನ್ನು ಗುರುತಿಸುವ ನಕ್ಷೆಯನ್ನು ರಚಿಸಿದನು. ೧೯೫೦ರಲ್ಲಿ ಡೆಮಿಂಗ್ ಆ ವಿಚಾರವನ್ನು ಜಪಾನಿನ ಉದ್ಯಮಿಗಳಿಗೆ ಬೋಧಿಸಿದನು. ಆ ನಕ್ಷೆಯ ಗಮನವೆಲ್ಲ ಸರಾಸರಿಯಿಂದ ಆಚೀಚೆ ಸರಿದ ಬಿಂದುಗಳ ಮೇಲೆ. ಕೆಟ್ಟ ತಿರುಪುಮೊಳೆ ಗಿರಾಕಿಯಿಂದ ಹಿಂದಿರುಗಿ ಬಂದರೆ ನಷ್ಟ ಕಾರ್ಖಾನೆಗೆ. ಆದ್ದರಿಂದ ದೋಷವನ್ನು ಹುಡುಕುವುದು ಅದರ ಸ್ವಾರ್ಥವೇ ಆಗಿದೆ. ಅರೆ ಕಲಿತ ಪದವೀಧರನು ಕಾಲೇಜಿಗೆ ಹಿಂದಿರುಗಿ ಬರುವುದಿಲ್ಲ. ನಷ್ಟ ಅವನದು, ಅವನು ಕಟ್ಟುವ ಮನೆಯಲ್ಲಿ ವಾಸಿಸುವವರದು. ಕಾರ್ಖಾನೆಯ ಶಬ್ದವನ್ನು ಎರವಲು ತಂದ ನಾವು ಅದರ ಹಿಂದಿದ್ದ ಈ ಹೊಣೆಯನ್ನು ತರಲಿಲ್ಲ.

ಇದರೊಂದಿಗೆ ಆಂತರಿಕ ಅಂಕಗಳ ಚರಿತ್ರೆಯನ್ನು ಇಟ್ಟು ನೋಡಬೇಕು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ೨೦೧೦ರ ಪಠ್ಯಕ್ರಮದಲ್ಲಿ ಒಂದು ವಿಷಯದ ೧೨೫ ಅಂಕಗಳಲ್ಲಿ ಆಂತರಿಕವಾದದ್ದು ೨೫, ೨೦೧೫ರಲ್ಲಿ ನೂರಕ್ಕೆ ೨೦, ೨೦೧೮ರಲ್ಲಿ ೪೦, ೨೦೨೧ರಲ್ಲಿ ೫೦. ಆರು ವರ್ಷಗಳಲ್ಲಿ ಐದನೆಯ ಒಂದು ಪಾಲು ಅರ್ಧವಾಯಿತು. ತೇರ್ಗಡೆಗೆ ಆಂತರಿಕದಲ್ಲಿ ೨೦, ವಿಶ್ವವಿದ್ಯಾನಿಲಯದ ಪರೀಕ್ಷೆಯಲ್ಲಿ ೧೮, ಒಟ್ಟಿನಲ್ಲಿ ೪೦ ಬೇಕು. ತತ್ತ್ವದಲ್ಲಿ ಇದು ಕೊಠಾರಿ ಆಯೋಗದ ಆಶಯಕ್ಕೆ ಹತ್ತಿರವಾದದ್ದೇ. ವರ್ಷವೆಲ್ಲ ವಿದ್ಯಾರ್ಥಿಯನ್ನು ಕಂಡ ಉಪಾಧ್ಯಾಯನಿಗಿಂತ ಅವನನ್ನು ಬಲ್ಲವರು ಯಾರು? ಆದರೆ ಅದೇ ಉಪಾಧ್ಯಾಯನ ಪಾಠದ ಸಾಫಲ್ಯವನ್ನು ಅವನು ಕೊಡುವ ಅಂಕಗಳಿಂದಲೇ ಅಳೆಯುವುದಾದಾಗ ಆ ಅಂಕಗಳು ಎರಡು ಕೆಲಸಗಳನ್ನು ಮಾಡಬೇಕಾಗುತ್ತದೆ: ವಿದ್ಯಾರ್ಥಿಯ ಕಲಿಕೆಗೆ ಸಾಕ್ಷಿ ಹೇಳಬೇಕು, ಉಪಾಧ್ಯಾಯನ ಪರವಾಗಿ ವಕಾಲತ್ತನ್ನೂ ವಹಿಸಬೇಕು. ಸಾಕ್ಷಿಯೂ ವಕೀಲನೂ ಒಬ್ಬನೇ ಆದ ಮೊಕದ್ದಮೆಯಲ್ಲಿ ತೀರ್ಪು ಯಾವ ಕಡೆಗೆ ವಾಲುತ್ತದೆಂದು ಹೇಳಬೇಕಾಗಿಲ್ಲ. ನಮ್ಮ ವಠಾರದ ಹುಡುಗನ ೪೪ ಹುಟ್ಟಿದ್ದು ಹೀಗೆ. ಇದಕ್ಕೆ ಯಾವ ಒಬ್ಬ ಉಪಾಧ್ಯಾಯನನ್ನೂ ದೂಷಿಸಲಾಗದು; ಏರ್ಪಾಡೇ ಆ ಕಡೆಗೆ ತಳ್ಳುತ್ತದೆ.

೬

ನನ್ನ ಮಾತಿಗೆ ಎರಡು ಕಡೆಗಳಿಂದ ಆಕ್ಷೇಪಣೆ ಬರಬಹುದು. ಹಳಬರು ಕೆಲವರು "ಹಾಗಾದರೆ ಇದೆಲ್ಲ ಏಕೆ? ವರ್ಷಕ್ಕೊಂದು ಪರೀಕ್ಷೆಯಿದ್ದ ಕಾಲವೇ ಚೆನ್ನಾಗಿತ್ತು" ಎನ್ನಬಹುದು. ಇದನ್ನು ನಾನು ಒಪ್ಪುವುದಿಲ್ಲ. ಆ ಕಾಲದಲ್ಲಿ ಅನುತ್ತೀರ್ಣರಾದವರ ಸಂಖ್ಯೆ ಮಾತ್ರ ಗೊತ್ತಾಗುತ್ತಿತ್ತು. ಕಾರಣವನ್ನು ಕೇಳುವ ರೂಢಿ ಇರಲಿಲ್ಲ. ತಪ್ಪೆಲ್ಲ ವಿದ್ಯಾರ್ಥಿಯದೇ ಎಂಬ ಭಾವನೆ ಬೇರೂರಿತ್ತು. ಕಲಿಯದಿದ್ದುದಕ್ಕೆ ಕಲಿಸಿದವರೂ ಉತ್ತರ ಹೇಳಬೇಕೆಂಬ ಭಾವನೆಯನ್ನು ಹೊಸ ಪದ್ಧತಿ ತಂದಿತು. ಅದನ್ನು ಕಳೆದುಕೊಳ್ಳಬಾರದು.

ಇನ್ನೊಂದು ಕಡೆಯವರು "ಅಂಕಿಗಳಿಲ್ಲದೆ ಸಾವಿರಾರು ವಿಭಾಗಗಳನ್ನು ಹೋಲಿಸುವುದು ಹೇಗೆ?" ಎಂದು ಕೇಳಬಹುದು. ಈ ಪ್ರಶ್ನೆ ನ್ಯಾಯವಾದದ್ದು. ಅಂಕಿಗಳು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಹೋಲಿಕೆ ಬೇರೆ, ಸುಧಾರಣೆ ಬೇರೆ. ಹೋಲಿಸುವವನಿಗೆ ಒಂದು ಅಂಕಿ ಸಾಕು. ಸುಧಾರಿಸುವವನಿಗೆ ದೋಷದ ನೆಲೆ ಬೇಕು. ಒಂದೇ ದಾಖಲೆಯಿಂದ ಎರಡನ್ನೂ ಸಾಧಿಸಹೊರಟರೆ ಮೊದಲನೆಯದೇ ಗೆಲ್ಲುತ್ತದೆ, ಏಕೆಂದರೆ ಬಹುಮಾನ ಇರುವುದು ಅದಕ್ಕೆ. ನಮೂನೆಯನ್ನು ಪರಿಷ್ಕರಿಸಿ ಫಲಿತಗಳನ್ನು ಹನ್ನೆರಡರಿಂದ ಹನ್ನೊಂದಕ್ಕೆ ಇಳಿಸಿದ ಮಾತ್ರಕ್ಕೆ ಈ ತೊಡಕು ಬಿಡಿಸಿಕೊಳ್ಳುವುದಿಲ್ಲ.

೭

ದೋಷವನ್ನು ಹೇಳಿದವನು ಉಪಾಯವನ್ನೂ ಸೂಚಿಸಬೇಕೆಂಬುದು ನ್ಯಾಯ. ಹೊರಗಿನವನಾದ ನನಗೆ ತೋರುವ ನಾಲ್ಕು ಸಲಹೆಗಳನ್ನು ತಜ್ಞರ ಮುಂದಿಡುತ್ತೇನೆ.

ಮೊದಲನೆಯದು, ಪ್ರತಿ ವಿಭಾಗವೂ ಒಂದು ದೋಷಪುಸ್ತಕವನ್ನು ಇಡಲಿ. ಅದರಲ್ಲಿ ಅಂಕಿ ಬೇಡ. "ಈ ವರ್ಷ ಮೂರನೆಯ ಸೆಮಿಸ್ಟರಿನಲ್ಲಿ ಇಂಥ ಲೆಕ್ಕವನ್ನು ಅರ್ಧಕ್ಕಿಂತ ಹೆಚ್ಚು ಮಂದಿ ತಪ್ಪು ಮಾಡಿದರು, ತಪ್ಪು ಇಂಥ ಹೆಜ್ಜೆಯಲ್ಲಿ, ಕಾರಣ ಮೊದಲ ವರ್ಷದ ಗಣಿತದ ಇಂಥ ಭಾಗ ಬಾರದಿರುವುದು" ಎಂದು ನಾಲ್ಕು ಸಾಲು ಬರೆದರೆ ಸಾಕು. ಮುಂದಿನ ವರ್ಷ ಅದರ ಕೆಳಗೆ ಏನು ಮಾಡಿದೆವು, ತಪ್ಪು ಕಡಮೆಯಾಯಿತೆ ಎಂದು ಬರೆಯಲಿ. ಈ ಪುಸ್ತಕಕ್ಕೆ ಪರಿಶೀಲಕರು ಅಂಕ ಕೊಡಬಾರದು. ಅದು ಇದೆಯೆ, ಎರಡು ವರ್ಷಗಳ ಬರಹ ಒಂದಕ್ಕೊಂದು ಉತ್ತರ ಹೇಳುತ್ತದೆಯೆ ಎಂಬುದನ್ನಷ್ಟೇ ನೋಡಬೇಕು. ದೋಷಕ್ಕೆ ಅಂಕ ಕಳೆದರೆ ದೋಷ ಮರೆಯಾಗುತ್ತದೆ.

ಎರಡನೆಯದು, ಪ್ರತಿ ವಿಷಯದಲ್ಲಿಯೂ ಆಂತರಿಕ ಅಂಕಗಳ ಸರಾಸರಿಗೂ ವಿಶ್ವವಿದ್ಯಾನಿಲಯದ ಪರೀಕ್ಷೆಯ ಸರಾಸರಿಗೂ ಇರುವ ಅಂತರವನ್ನು ವರ್ಷವರ್ಷವೂ ಒಂದೇ ಹಾಳೆಯಲ್ಲಿ ಪ್ರಕಟಿಸಲಿ. ಇದಕ್ಕೆ ಹೊಸ ಪರಿಶ್ರಮ ಬೇಡ. ಅಂಕಿಗಳು ಕಚೇರಿಯಲ್ಲಿಯೇ ಇವೆ. ಅಂತರ ದೊಡ್ಡದಾದ ಮಾತ್ರಕ್ಕೆ ಅಪರಾಧವಲ್ಲ. ಆದರೆ ಅದು ವಿವರಣೆಯನ್ನು ಕೇಳುತ್ತದೆ.

ಮೂರನೆಯದು, ಗೆರೆಯನ್ನು ದಾಟದವರ ಲೆಕ್ಕ. ೪೮ ಮಂದಿ ದಾಟಿದರೆಂದು ಬರೆಯುವ ಕಡೆಯಲ್ಲಿಯೇ ೧೨ ಮಂದಿ ದಾಟಲಿಲ್ಲವೆಂದೂ, ಅವರಿಗಾಗಿ ಏನು ಮಾಡಲಾಯಿತೆಂದೂ ಬರೆಯಬೇಕು. ಬರೆದುದನ್ನು ಆ ತರಗತಿಯ ವಿದ್ಯಾರ್ಥಿಗಳಿಗೆ ಓದಿ ಹೇಳಬೇಕು. ಶಾಸನದ ಎಲ್ಲೆಗಳಿಗೆ ಊರಿನವರು ಸಾಕ್ಷಿಗಳಾದಂತೆ ಈ ಬರಹಕ್ಕೆ ಅವರು ಸಾಕ್ಷಿಗಳಾಗಲಿ.

ನಾಲ್ಕನೆಯದು, ಬಿತ್ತುವಟ್ಟ. ವಾರಕ್ಕೆ ಒಂದು ಗಂಟೆಯನ್ನಾದರೂ ಈ ಕೆಲಸಕ್ಕೆಂದು ಉಪಾಧ್ಯಾಯನ ಬೋಧನಾವಧಿಯಲ್ಲಿಯೇ ಬಿಡಬೇಕು, ಮೇಲಿನಿಂದ ಹೇರಬಾರದು.

ಈ ಸಂಚಿಕೆಯ ವಾಚಕರಲ್ಲಿ ಹೆಚ್ಚಿನವರು ಎಂಜಿನಿಯರಿಂಗಿಗೆ ಸಂಬಂಧಪಟ್ಟವರಲ್ಲ. ಆದರೂ ಈ ವಿಚಾರ ನಮಗೆ ಹೊರತಾದದ್ದಲ್ಲ. ಫಲಿತಗಳ ಅಂಕಣಗಳು ಕಲಾ ಕಾಲೇಜುಗಳ ಬಾಗಿಲಿಗೂ ಬಂದಿವೆ. ಚರಿತ್ರೆಯ ಪಾಠದಿಂದ ಯಾವ ಫಲಿತ ಎಷ್ಟು ದೊರೆಯಿತೆಂದು ನಾವೂ ೧, ೨, ೩ ಬರೆಯತೊಡಗಿದ್ದೇವೆ. ಎಂಜಿನಿಯರಿಂಗ್ ವಿಭಾಗಗಳ ಒಂದು ದಶಕದ ಅನುಭವವನ್ನು ನೋಡಿ ನಾವು ಮೊದಲೇ ಎಚ್ಚರಗೊಳ್ಳಬಹುದು.

ಮಹಡಿಯ ಕೋಣೆಯ ಹುಡುಗ ಈಗ ಊರು ಬಿಟ್ಟಿದ್ದಾನೆ. ಒಂದು ಕಟ್ಟಡದ ಕಂಪೆನಿಯಲ್ಲಿ ಕೆಲಸ ಸಿಕ್ಕಿತೆಂದು ತಿಳಿಸಿದ. ಅವನ ವಿಭಾಗದ ವರದಿಯಲ್ಲಿ ಉದ್ಯೋಗ ದೊರೆತವರ ಸಂಖ್ಯೆಗೆ ಒಂದು ಸೇರಿರುತ್ತದೆ. ತೊಲೆಯ ಲೆಕ್ಕವನ್ನು ಅವನು ಕೆಲಸದ ಜಾಗದಲ್ಲಿ ಯಾರಿಂದಲಾದರೂ ಕಲಿತಿರಬಹುದೆಂದು ಆಶಿಸುತ್ತೇನೆ. ಅದನ್ನು ಕಲಿಸಬೇಕಾಗಿದ್ದವರಿಗೆ, ಅವನಿಗೆ ಅದು ಬಾರದೆ ಉಳಿಯಿತೆಂಬ ಸಂಗತಿ ಇಂದಿಗೂ ತಿಳಿದಿಲ್ಲ. ವಿಷಯವನ್ನು ನನಗಿಂತ ಹತ್ತಿರದಿಂದ ಬಲ್ಲ ಉಪಾಧ್ಯಾಯರು ಇದನ್ನು ಪರಿಶೀಲಿಸಿ, ನನ್ನ ತಪ್ಪುಗಳನ್ನು ತಿದ್ದಬೇಕೆಂದು ಕೋರುತ್ತೇನೆ.